ಪದ ಬೇಕು, ನಾಳೆ ಸಂಜೆಯೊಳಗೆ: ಸೈಕಲ್ಲಿನ ಬಾಟಮ್ ಬ್ರ್ಯಾಕೆಟ್, ಕಾಟರ್ ಪಿನ್, ಉಲ್ಟಾ ಥ್ರೆಡ್

ದಾವಣಗೆರೆಯಿಂದ, ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನಮ್ಮ ಹೈಸ್ಕೂಲಿನಲ್ಲಿ ಮಕ್ಕಳೇ ಸೈಕಲ್ ರಿಪೇರಿ ಮಾಡಿಕೊಳ್ಳಲಿ ಅಂತ ಒಂದು ಮೂಲೆ ಬಿಟ್ಟುಕೊಟ್ಟಿದ್ದೇವೆ. ಅಲ್ಲಿ ಹಾಕುವ ಗೋಡೆ ಫಲಕ ನಾಳೆ ಸಂಜೆ ಪ್ರಿಂಟಿಗೆ ಹೋಗಬೇಕು. ಕರಡು ಇಂಗ್ಲಿಷಿನಿಂದ ಅನುವಾದವಾಗಿ ಬಂದಿದೆ. ಬಾಟಮ್ ಬ್ರ್ಯಾಕೆಟ್‌ಗೆ ‘ಕೆಳ ಆವರಣ’ ಎಂದು ಹಾಕಿದ್ದಾರೆ. ಎಂಟನೇ ತರಗತಿಯ ಹುಡುಗಿ ಅದನ್ನು ಓದಿದರೆ ಗಣಿತದ ಲೆಕ್ಕ ನೆನಪಾಗುತ್ತೆ, ಸೈಕಲ್ ಅಲ್ಲ.

ಮೂರು ಪದ ಕೊಡಿ. ಒಂದು, ಎರಡು ಪೆಡಲ್ ನಡುವೆ ಫ್ರೇಮಿನ ಅಡಿಯಲ್ಲಿ ಅಡ್ಡಕ್ಕೆ ಇರುವ ಕೊಳವೆ, ಅದರೊಳಗಿನ ಆಕ್ಸಲ್, ಬೇರಿಂಗ್ ಗುಂಡು, ಆ ಗುಂಡು ಕೂರುವ ಕಪ್ ಎಲ್ಲ ಸೇರಿದ ಭಾಗಕ್ಕೆ. ಎರಡು, ಕ್ರ್ಯಾಂಕನ್ನು, ಅಂದರೆ ಪೆಡಲ್ ಹೊತ್ತ ತೋಳನ್ನು, ಆಕ್ಸಲ್‌ಗೆ ಹಿಡಿಸುವ ಕಾಟರ್ ಪಿನ್ನಿಗೆ. ಮೂರು, ಬಲಗಡೆ ಕಪ್ಪಿನಲ್ಲಿ ಇರುವ ಎದುರು ದಿಕ್ಕಿನ ಥ್ರೆಡ್ಡಿಗೆ.

ಸುಮ್ನೆ ಕೇಳುತ್ತಿಲ್ಲ. ಹೋದ ತಿಂಗಳು ಒಬ್ಬ ಹುಡುಗಿಯ ಸೈಕಲ್ಲಿಗೆ ಅಂಗಡಿಯಲ್ಲಿ ಎರಡೂ ಪಿನ್ ಒಂದೇ ದಿಕ್ಕಿಗೆ ಹೊಡೆದು ಕಳಿಸಿದ್ದರು. ಎರಡು ಕ್ರ್ಯಾಂಕ್ ಒಂದೇ ಗೆರೆಯಲ್ಲಿ ಕೂರಲಿಲ್ಲ. ಒಂದು ಪೆಡಲ್ ನೇರ ಕೆಳಗಿದ್ದರೆ ಇನ್ನೊಂದು ನೇರ ಮೇಲಿಲ್ಲ, ಸ್ವಲ್ಪ ಓರೆ. ಎರಡು ವಾರ ಹಾಗೇ ತುಳಿದು ಮಂಡಿ ನೋವು ಅಂತ ಕೂತಳು. ಏನು ತಪ್ಪಾಗಿದೆ ಎಂದು ಹೇಳೋಕೆ ಅವಳ ಹತ್ತಿರ ಪದ ಇರಲಿಲ್ಲ.

ಚಿತ್ರದುರ್ಗದಿಂದ

ಕಾಟರ್ ಪಿನ್ ಅಂದರೆ ಬೆಣೆ. ಚರ್ಚೆ ಬೇಡ. ಒಂದು ಮೈ ಇಳಿಜಾರಾಗಿ, ಬಡಿದಷ್ಟೂ ಬಿಗಿಯಾಗುವುದು ಬೆಣೆ. ಗುದ್ದಲಿ ಕಾವಿಗೆ ಹೊಡೆಯುತ್ತೇವಲ್ಲ, ಅದೇ.

ಕಡಾಣಿ ಎಂದು ಯಾರಾದರೂ ಹೇಳಿದರೆ ಒಪ್ಪಬೇಡಿ. ಕಡಾಣಿ ಅಚ್ಚಿನ ತುದಿಯಲ್ಲಿ ಕೂತು ಗಾಲಿ ಕಳಚದಂತೆ ತಡೆಯುತ್ತೆ. ಅಲ್ಲಿ ಗಾಲಿ ತಿರುಗುತ್ತೆ, ಅಚ್ಚು ತಿರುಗೋದಿಲ್ಲ. ಸೈಕಲ್ಲಿನಲ್ಲಿ ಅಚ್ಚು, ಕ್ರ್ಯಾಂಕ್ ಎರಡೂ ಒಂದಾಗಿ ತಿರುಗಬೇಕು. ತಡೆಯೋದು ಬೇರೆ, ಕಚ್ಚಿಸೋದು ಬೇರೆ.

ಆಕ್ಸಲ್‌ಗೆ ಅಚ್ಚು ಇದೆ. ಗಾಡಿಯ ಅಚ್ಚು, ತೇರಿನ ಅಚ್ಚು. 1997ರಲ್ಲಿ ನಿಮ್ಮ ಜಿಲ್ಲೆ ನಮ್ಮಿಂದ ಬೇರೆಯಾಯಿತು, ಗಾಡಿಯ ಪದಗಳು ಬೇರೆಯಾಗಿಲ್ಲ. ಇಡೀ ಭಾಗಕ್ಕೆ ‘ಪೆಡಲ್ ಅಚ್ಚು’ ಅನ್ನಿ. ಇನ್ನು ‘ಆವರಣ’ ಪೂರ್ತಿ ತಪ್ಪು. ಬ್ರ್ಯಾಕೆಟ್ ಅಂದರೆ ಗೋಡೆಗೆ ಹೊಡೆದು ಹಲಗೆ ಹೊರಿಸುವ ಆಸರೆಯೂ ಹೌದು. ಅನುವಾದ ಮಾಡಿದವರು ಸೈಕಲ್ ನೋಡದೆ ನಿಘಂಟು ನೋಡಿದ್ದಾರೆ.

ಹರಿಹರದಿಂದ

‘ಪೆಡಲ್ ಅಚ್ಚು’ ಒಪ್ಪುವುದಿಲ್ಲ. ಅರ್ಧ ಇಂಗ್ಲಿಷು, ಅರ್ಧ ಕನ್ನಡ. ಮಕ್ಕಳ ಗೋಡೆಗೆ ಹಾಕುವಾಗಲಾದರೂ ಅಚ್ಚಗನ್ನಡ ಬೇಡವೇ? ಪೆಡಲ್‌ಗೆ ‘ಮೆಟ್ಟು’, ಕ್ರ್ಯಾಂಕ್‌ಗೆ ‘ತಿರುಗೋಲು’, ಬಾಟಮ್ ಬ್ರ್ಯಾಕೆಟ್‌ಗೆ ‘ನಡುವಚ್ಚು’. ‘ಉಲ್ಟಾ’ ಹಿಂದಿ, ತೆಗೆಯಿರಿ. ‘ಎಡಮುರಿ’ ಎಂಬ ಚೆಂದದ ಪದ ನಮ್ಮಲ್ಲೇ ಇದೆ. ಶ್ರೀರಂಗಪಟ್ಟಣದ ಹತ್ತಿರ ಕಾವೇರಿ ದಡದಲ್ಲಿ ಬಲಮುರಿ, ಎಡಮುರಿ ಎಂಬ ಜಾಗಗಳೇ ಇವೆ.

ಚಿತ್ರದುರ್ಗದಿಂದ, ಮತ್ತೆ

ತಿರುಗು, ಕೋಲು ಸೇರಿದರೆ ತಿರುಗುಗೋಲು. ಒಂದು ‘ಗು’ ಎಲ್ಲಿ ಹೋಯಿತು?

ಗಾಡಿಯ ಅಚ್ಚು ಅಚ್ಚಗನ್ನಡವೂ ಅಲ್ಲ. ಅಕ್ಷದ ತದ್ಭವ. ಬೆಲ್ಲದ ಅಚ್ಚು, ಪುಸ್ತಕದ ಅಚ್ಚು ಬೇರೆ, ಅದು ದ್ರಾವಿಡದ್ದು. ಎರಡು ಪದ ನಮ್ಮ ಬಾಯಲ್ಲಿ ಒಂದೇ ರೂಪಕ್ಕೆ ಬಂದಿವೆ. ಇಂಗ್ಲಿಷಿನ ಆಕ್ಸಲ್ ಮತ್ತು ಸಂಸ್ಕೃತದ ಅಕ್ಷ ಒಂದೇ ಬೇರಿನವು. ಅಂದರೆ ನೀವು ಆಕ್ಸಲ್ ಓಡಿಸಿ ಅದರ ದಾಯಾದಿಯನ್ನೇ ಮನೆಗೆ ಕರೆದಿದ್ದೀರಿ. ಸಂಸ್ಕೃತದಿಂದ ಬಂದ ಅಕ್ಷ ತೇದು ತೇದು ಅಚ್ಚಾಗಿ ನಮ್ಮದಾಯಿತು. ಪೆಡಲ್ ಕೂಡ ಹಳ್ಳಿ ಹಳ್ಳಿಯಲ್ಲಿ ‘ಪೆಡ್ಲು’ ಆಗಿದೆ. ಅದಕ್ಕೆ ಮಾತ್ರ ಯಾಕೆ ಬಾಗಿಲು ಮುಚ್ಚಬೇಕು?

ಎಡಮುರಿಯಲ್ಲಿ ಇನ್ನೂ ದೊಡ್ಡ ತೊಡಕಿದೆ. ಪೂಜೆಗೆ ಹುಡುಕುವ ಅಪರೂಪದ ಬಲಮುರಿ ಶಂಖವನ್ನು ಪ್ರಾಣಿಶಾಸ್ತ್ರದವರು ಎಡಸುತ್ತಿನದು ಎನ್ನುತ್ತಾರೆ. ಎಲ್ಲೆಲ್ಲೂ ಸಿಗುವ ಶಂಖದ ಸುತ್ತೇ ಮಾಮೂಲಿ ಸ್ಕ್ರೂ ಸುತ್ತು. ಶಂಖದ ಲೆಕ್ಕ ಹಿಡಿದರೆ ನಿಮ್ಮ ‘ಎಡಮುರಿ’ ಮಾಮೂಲಿ ಥ್ರೆಡ್ಡಿಗೆ ಹೆಸರಾಗುತ್ತೆ. ಹುಡುಗ ಸ್ಪ್ಯಾನರ್ ಹಿಡಿದು ನಿಂತಾಗ ಇದು ಅಪಾಯದ ಪದ.

ಹರಿಹರದಿಂದ

ಶಂಖ ಬೇರೆ, ಸ್ಕ್ರೂ ಬೇರೆ. ಜನ ಎಡ ಅಂದರೆ ಎಡ ಅಂತಲೇ ತಿಳಿಯುತ್ತಾರೆ. ಸಾವಿರ ವರ್ಷದ ತದ್ಭವವನ್ನೂ ನಿನ್ನೆ ಮೊನ್ನೆಯ ಎರವಲನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಹೀಗೇ ಬಿಟ್ಟರೆ ಮುಂದಿನ ತಲೆಮಾರಿಗೆ ಕ್ರಿಯಾಪದ ಮಾತ್ರ ಕನ್ನಡದಲ್ಲಿ ಉಳಿಯುತ್ತೆ.

ದಾವಣಗೆರೆಯಿಂದ, ಇನ್ನೊಬ್ಬರು

ನಮ್ಮಪ್ಪ ಹದಡಿ ರಸ್ತೆಯಲ್ಲಿ ಸೈಕಲ್ ಶಾಪ್ ಇಟ್ಟಿದ್ದರು. ಸ್ಕೂಲಿಂದ ಬಂದು ನಾನು ಮಾಡುತ್ತಿದ್ದದ್ದು ಇದೇ ಕೆಲಸ. ಸರಕಾರ 2006-07ರಲ್ಲಿ ಎಂಟನೇ ತರಗತಿ ಮಕ್ಕಳಿಗೆ ಸೈಕಲ್ ಕೊಡೋಕೆ ಶುರು ಮಾಡಿದ ಮೇಲೆ ಕಾಟರ್ ಕೆಲಸ ಜಾಸ್ತಿಯಾಯಿತು. ಅಂಗಡಿಯ ಮಾತು ‘ಬಿಬಿ ಕಪ್’, ‘ಬಿಬಿ ಆಕ್ಸಲ್’, ‘ಕಾಟರ್’, ‘ಉಲ್ಟಾ’. ಬಿಬಿ ಅಂದರೆ ಬಾಟಮ್ ಬ್ರ್ಯಾಕೆಟ್. ‘ನಡುವಚ್ಚು ಕೊಡಿ’ ಅಂದರೆ ಸ್ಪೇರ್ ಅಂಗಡಿಯಲ್ಲಿ ಮಗು ಬರಿಗೈಲಿ ವಾಪಸ್ ಬರುತ್ತೆ. ಹೊಸ ಪದ ಬೇಡ ಅನ್ನುತ್ತಿಲ್ಲ. ಅಂಗಡಿ ಪದವನ್ನೂ ಪಕ್ಕದಲ್ಲೇ ಬರೆಯಿರಿ.

‘ಬೆಣೆ’ ನನಗೆ ತುಂಬಾ ಹಿಡಿಸಿತು, ಯಾಕಂದರೆ ಅದು ಕೆಲಸವನ್ನೇ ಹೇಳುತ್ತೆ. ಕಾಟರನ್ನು ಬಡಿದು ಕೂರಿಸಬೇಕು, ನಟ್ ತಿರುಗಿಸಿ ಎಳೆಯಬಾರದು. ಎಳೆದರೆ ಪಿನ್ನಿನ ಥ್ರೆಡ್ ಕಿತ್ತು ಬರುತ್ತೆ. ಬಡಿಯುವಾಗ ಕ್ರ್ಯಾಂಕಿನ ಕೆಳಗೆ ಗಟ್ಟಿ ಆಸರೆ ಕೊಡಿ, ಇಲ್ಲದಿದ್ದರೆ ಏಟು ಗುಂಡಿಗೂ ಕಪ್ಪಿಗೂ ಬೀಳುತ್ತೆ. ನಾಲ್ಕು ದಿನ ತುಳಿದ ಮೇಲೆ ಮತ್ತೊಮ್ಮೆ ಬಡಿದು ನಟ್ ಬಿಗಿ ಮಾಡಿ. ಪ್ರತಿ ಸುತ್ತಿಗೂ ‘ಕಟ್’ ಅಂತ ಸದ್ದು ಬಂದರೆ ಮೊದಲು ಬೆಣೆ ನೋಡಿ. ಗೇರ್ ಸೈಕಲ್ಲಿನಲ್ಲಿ ಅಚ್ಚಿನ ತುದಿ ಚೌಕ, ಅಲ್ಲಿ ಬೆಣೆ ಇಲ್ಲ, ಬೋಲ್ಟ್. ಅದು ಸಡಿಲವಾದಾಗ ಹಾಗೇ ತುಳಿದರೆ ಕ್ರ್ಯಾಂಕಿನ ಚೌಕ ತೂತು ದುಂಡಾಗುತ್ತೆ. ಆಮೇಲೆ ಎಷ್ಟು ಬಿಗಿದರೂ ನಿಲ್ಲೋದಿಲ್ಲ, ಕ್ರ್ಯಾಂಕನ್ನೇ ಬದಲಿಸಬೇಕು.

ಥ್ರೆಡ್ಡಿಗೆ ಹೆಸರೇ ಬೇಡ ಸರ್. ಸ್ಪ್ಯಾನರ್ ಹಿಡಿ ಮೇಲಕ್ಕೆ ಬರುವ ಹಾಗೆ ಹಾಕಿ. ಪೆಡಲ್ ಯಾವ ಕಡೆಯದಾದರೂ ಮುಂದಿನ ಚಕ್ರದ ಕಡೆ ತಳ್ಳಿದರೆ ಬಿಗಿ. ಕಪ್ ಯಾವ ಕಡೆಯದಾದರೂ ಹಿಂದಿನ ಚಕ್ರದ ಕಡೆ ಎಳೆದರೆ ಬಿಗಿ. ಎಡ, ಬಲ, ಶಂಖ ಯಾವುದೂ ಬೇಕಿಲ್ಲ. ನಮ್ಮ ಕಡೆಯ ಸೈಕಲ್ಲಿಗೆಲ್ಲ ಇದು ಸರಿ. ಇಟಲಿ ಅಳತೆಯ ಫ್ರೇಮಿನಲ್ಲಿ ಮಾತ್ರ ಎರಡೂ ಕಪ್ ಮಾಮೂಲಿ ಥ್ರೆಡ್ಡು. ಅಂಥದ್ದು ನಿಮ್ಮ ಶಾಲೆಗೆ ಬರೋದಿಲ್ಲ ಬಿಡಿ.

ದಾವಣಗೆರೆಯಿಂದ, ಪ್ರಶ್ನೆ ಕೇಳಿದವರು

ತುಂಬಾ ಉಪಕಾರವಾಯಿತು. ಈಗಲೇ ಹೋಗಿ ಒಂದು ಸೈಕಲ್ಲಿನ ಮೇಲೆ ಎರಡು ಕಡೆಯೂ ತಿರುಗಿಸಿ ನೋಡಿದೆ. ಸರಿಯಾಗಿದೆ. ಫಲಕ ಹೀಗೆ ಹೋಗುತ್ತೆ:

ಪೆಡಲ್ ಅಚ್ಚು, ಅಂಗಡಿಯಲ್ಲಿ ‘ಬಿಬಿ’ ಎಂದು ಕೇಳಿ.
ಬೆಣೆ, ಅಂಗಡಿಯಲ್ಲಿ ‘ಕಾಟರ್’ ಎಂದು ಕೇಳಿ. ಎರಡು ಬೆಣೆ ಎದುರುಬದುರು ದಿಕ್ಕಿಗೆ ಹಾಕಿ.
ಸ್ಪ್ಯಾನರ್ ಹಿಡಿ ಮೇಲೆ. ಪೆಡಲ್ ಮುಂದಕ್ಕೆ ಬಿಗಿ, ಕಪ್ ಹಿಂದಕ್ಕೆ ಬಿಗಿ.

ಹರಿಹರದ ಸರ್, ‘ನಡುವಚ್ಚು’ ಕೇಳೋಕೆ ಚೆನ್ನಾಗಿದೆ. ಆದರೆ ಮಕ್ಕಳು ಹಿಂದಿನ ಚಕ್ರದ ನಡುವೆ ಹುಡುಕುತ್ತಾರೆ. ಅದಕ್ಕೇ ಬಿಟ್ಟೆ. ಬೇಸರ ಮಾಡಿಕೊಳ್ಳಬೇಡಿ.

ಹರಿಹರದಿಂದ

ಪೆಡಲ್ ವಿಷಯದಲ್ಲಿ ನನ್ನ ಮಾತು ಬದಲಾಗಿಲ್ಲ. ‘ಬೆಣೆ’ ದಪ್ಪ ಅಕ್ಷರದಲ್ಲಿ ಹಾಕಿಸಿ. ‘ಕಾಟರ್’ ಸಣ್ಣದಿರಲಿ.