ಪ್ರ್ಯಾಕ್ಟೀಸ್ ಇರೋ ದಿನ ರಾತ್ರಿ ಊಟಕ್ಕೇನು? ಆಹಾರತಜ್ಞೆಗೆ ಕೇಳಿ

ಪ್ರಶ್ನೆ (ವಿದ್ಯಾನಗರ, ದಾವಣಗೆರೆ): ಮೇಡಂ, ನಮಸ್ತೆ. ಮಗಳು ಖೋಖೋ, ಮಗ ಬ್ಯಾಡ್ಮಿಂಟನ್. ವಾರದಾಗೆ ನಾಲ್ಕು ದಿನ ಸಂಜೆ ಐದಕ್ಕೆ ಪ್ರ್ಯಾಕ್ಟೀಸು, ಮನೆ ಸೇರೋದು ಏಳೂವರೆ. ನಾನೂ ಕೆಲಸಕ್ಕೆ ಹೋಗ್ತೀನಿ. ಅನ್ನಕ್ಕಿಡೋಷ್ಟರಲ್ಲಿ ಸಣ್ಣವನು ಸೋಫಾ ಮೇಲೇ ನಿದ್ದೆ. ಇಲ್ಲಾಂದ್ರೆ ಇವರು ದಾರೀಲಿ ಮಿರ್ಚಿ ಮಂಡಕ್ಕಿ ಕಟ್ಟಿಸ್ಕೊಂಡು ಬರ್ತಾರೆ, ಅದೇ ಊಟ. ಬೇಗ ಆಗೋ ಅಡುಗೆ ಹೇಳ್ರಿ.

ಉತ್ತರ: ಮೊದಲು ಊಟವನ್ನೇ ಎರಡು ಪಾಲು ಮಾಡ್ರಿ. ನಾಲ್ಕೂಕಾಲಕ್ಕೆ ಶಾಲೆಯಿಂದ ಬಂದ ಕೂಡಲೇ ಒಂದು ಪಾಲು: ಬಾಳೆಹಣ್ಣು, ಶೇಂಗಾ ಚಿಕ್ಕಿ ಅಥವಾ ಬೆಳಿಗ್ಗೆ ಮಾಡಿಟ್ಟ ಚಪಾತಿಗೆ ಬೆಲ್ಲ ಸವರಿ ಸುತ್ತಿ ಕೊಡಿ. ಆಟಕ್ಕೆ ಮುಕ್ಕಾಲು ಗಂಟೆ ಇರುವಾಗ ಇಷ್ಟು ಸಾಕು. ಬೆಣ್ಣೆದೋಸೆ ಆಗ ಬೇಡ, ಜಿಡ್ಡು ಹೊಟ್ಟೆಯಲ್ಲಿ ಬಹಳ ಹೊತ್ತು ಕೂರುತ್ತೆ, ಓಡುವಾಗ ಪಕ್ಕೆ ಹಿಡಿಯುತ್ತೆ. ಹೀಗೆ ತಿಂದು ಹೋದ ಮಗು ಬಂದ ತಕ್ಷಣ ಕುಸಿದು ಬೀಳಲ್ಲ.

ರಾತ್ರಿಗೆ ಹೆಸರುಬೇಳೆ ಹುಗ್ಗಿ ಮಾಡಿ ನೋಡ್ರಿ. ಒಂದು ಲೋಟ ಅಕ್ಕಿ, ಮುಕ್ಕಾಲು ಲೋಟ ಹೆಸರುಬೇಳೆ ತೊಳೆದು, ಐದು ಲೋಟ ನೀರು, ಅರಿಶಿನ, ಉಪ್ಪು ಹಾಕಿ, ಹೊರಡೋ ಮುಂಚೆ ಕುಕ್ಕರಲ್ಲೇ ನೆನೆಯೋಕೆ ಬಿಡಿ. ಬಂದ ಕೂಡಲೇ ಒಲೆ ಹಚ್ಚಿ, ಮಕ್ಕಳನ್ನ ಸ್ನಾನಕ್ಕೆ ಕಳಿಸಿ. ಅವರು ಒರೆಸಿಕೊಂಡು ಬರೋಷ್ಟರಲ್ಲಿ ಮೂರು ಸೀಟಿ ಆಗಿರುತ್ತೆ. ಕುಕ್ಕರ್ ಇಳಿದ ಮೇಲೆ ತುಪ್ಪ, ಜೀರಿಗೆ, ಮೆಣಸಿನ ಒಗ್ಗರಣೆ. ತರಕಾರಿ ಹೆಚ್ಚೋ ಕೆಲಸವನ್ನ ಬೆಳಿಗ್ಗೆ ಡಬ್ಬಿಗೆ ಹೆಚ್ಚುವಾಗಲೇ ಮುಗಿಸಿ, ಫ್ರಿಜ್ಜಲ್ಲಿಟ್ಟಿರಿ.

ಒಲೆಯೇ ಬೇಡ ಅನ್ನೋ ದಿನಕ್ಕೆ ಖಡಕ್ ರೊಟ್ಟಿ ಇದೆಯಲ್ಲ! ನಮ್ಮ ಕಡೆ ರೊಟ್ಟಿ ಮಾಡಿ ಮಾರೋ ಹೆಣ್ಣುಮಕ್ಕಳು ಬೇಕಾದಷ್ಟಿದ್ದಾರೆ. ಗಟ್ಟಿ ಮೊಸರು, ಶೇಂಗಾ ಚಟ್ನಿಪುಡಿ, ಸೌತೆಕಾಯಿ, ಬೆಳಿಗ್ಗೆ ಬೇಯಿಸಿಟ್ಟ ಮಡಕೆಕಾಳು ಇದ್ದರೆ ಅದು ಪೂರ್ತಿ ಊಟ.

ಇನ್ನು ಮಂಡಕ್ಕಿ. ಅದರ ಮೇಲೆ ನನಗೇನೂ ಸಿಟ್ಟಿಲ್ಲ, ದಾವಣಗೆರೆಯವಳು ನಾನು. ಆದರೆ ಅದರಲ್ಲಿರೋದು ಬಹುಪಾಲು ಪಿಷ್ಟ ಮಾತ್ರ, ಅದಕ್ಕೇ ಒಂಬತ್ತಕ್ಕೆ ಮತ್ತೆ ಹಸಿವು. ಮನೇಲೇ ನೆನೆಸಿ ಹಿಂಡಿ ಒಗ್ಗರಣೆ ಹಾಕಿ, ಮೇಲೆ ಪುಟಾಣಿ ಪುಡಿ ಧಾರಾಳವಾಗಿ, ಹುರಿದ ಶೇಂಗಾ ಒಂದು ಹಿಡಿ. ಹತ್ತು ನಿಮಿಷದ ಕೆಲಸ. ಮಿರ್ಚಿ ಭಾನುವಾರಕ್ಕಿರಲಿ, ಯಜಮಾನರಿಗೂ ಹೇಳಿ.

ಪ್ರಶ್ನೆ (ಚಿತ್ರದುರ್ಗ): ಅಕ್ಕಾ, ನಾನು ಮಧ್ಯಾಹ್ನದ ಅನ್ನ ಹಾಗೇ ಮುಚ್ಚಿಟ್ಟು ರಾತ್ರಿ ಚಿತ್ರಾನ್ನ ಮಾಡ್ತೀನಿ. ಪರವಾಗಿಲ್ವಾ?

ಉತ್ತರ: ನಮ್ಮ ಏಪ್ರಿಲ್ ಬಿಸಿಲಲ್ಲಿ ಬೇಡಮ್ಮಾ. ಅಕ್ಕಿಯಲ್ಲಿರೋ ಬ್ಯಾಸಿಲಸ್ ಸೀರಿಯಸ್ ಅನ್ನೋ ಬ್ಯಾಕ್ಟೀರಿಯಾದ ಬೀಜಕಗಳು, ಅಂದ್ರೆ ಬೀಜದ ಥರ ಗಟ್ಟಿ ಕವಚದೊಳಗೆ ಸುಮ್ಮನಿರೋ ರೂಪ, ಕುದಿಸಿದರೂ ಉಳಿದುಬಿಡ್ತವೆ. ಅನ್ನ ಬೆಚ್ಚಗೆ ಹಾಗೇ ಗಂಟೆಗಟ್ಟಲೆ ಕೂತರೆ ಅವು ಬೆಳೆದು ವಿಷ ಬಿಡ್ತವೆ. ವಾಂತಿ ಮಾಡಿಸೋ ಆ ವಿಷ ಆಮೇಲೆ ಎಷ್ಟು ಹುರಿದರೂ ಹೋಗಲ್ಲ. ಅನ್ನ ಆದ ಮೇಲೆ ಅಗಲ ತಟ್ಟೆಗೆ ಹರಡಿ, ಆರಿಸಿ, ಒಂದು ಗಂಟೆಯೊಳಗೆ ಫ್ರಿಜ್ಜಿಗಿಡಿ. ಆಗ ರಾತ್ರಿ ಚಿತ್ರಾನ್ನಕ್ಕೆ ಅಡ್ಡಿಯಿಲ್ಲ. ಉದುರು ಉದುರಾಗಿಯೂ ಬರುತ್ತೆ.

ಪ್ರಶ್ನೆ (ನಿಟುವಳ್ಳಿ, ದಾವಣಗೆರೆ): ನಾವು ಮೊಟ್ಟೆ, ಮಾಂಸ ಮುಟ್ಟಲ್ರೀ. ಮಗನಿಗೆ ಹನ್ನೊಂದು, ಕುಸ್ತಿಗೆ ಹೋಗ್ತಾನೆ. ಎಲ್ರೂ ಪ್ರೋಟೀನ್ ಪುಡಿ ತಗೊಳ್ರಿ ಅಂತಾರೆ.

ಉತ್ತರ: ಆ ದುಡ್ಡಲ್ಲಿ ಶೇಂಗಾ, ಹಾಲು ತಗೊಳ್ರಿ. ರಾಷ್ಟ್ರೀಯ ಪೋಷಣಾ ಸಂಸ್ಥೆಯ (ಐಸಿಎಂಆರ್-ಎನ್‌ಐಎನ್) 2020ರ ಲೆಕ್ಕದಲ್ಲಿ 10ರಿಂದ 12 ವರ್ಷದವರಿಗೆ ದಿನಕ್ಕೆ ಬೇಕಾದ್ದು ಸುಮಾರು 32 ಗ್ರಾಂ ಪ್ರೋಟೀನ್. ಕುಸ್ತಿ ಹುಡುಗ ಅಂತ ಸ್ವಲ್ಪ ಜಾಸ್ತಿಯೇ ಇಟ್ಕೊಳ್ಳಿ. 200 ಮಿಲಿ ಲೋಟದಲ್ಲಿ ಎರಡು ಲೋಟ ಹಾಲಿಗೆ 12-13 ಗ್ರಾಂ, 30 ಗ್ರಾಂ ಶೇಂಗಾಕ್ಕೆ 7 ಗ್ರಾಂ. ಬೇಳೆ, ಕಾಳು, ಮೊಸರು ಸೇರಲಿ. ರೊಟ್ಟಿ, ಅನ್ನದಲ್ಲೂ ಒಂದಿಷ್ಟು ಇದ್ದೇ ಇರುತ್ತೆ. ಪುಡಿ ಯಾಕೆ ಬೇಕು? ರಾತ್ರಿ ಸುಸ್ತಾಗಿ ಊಟ ಒಲ್ಲೆ ಅಂದ ದಿನ ಹಾಲು ಹಾಕಿದ ರಾಗಿ ಗಂಜಿ ಒಂದು ದೊಡ್ಡ ಲೋಟ ಕುಡಿಸಿ ಮಲಗಿಸಿ, ಜೋರು ಮಾಡಬೇಡಿ.

ಅದೇ ತಾಯಿ: ಇನ್ನೊಂದು ಮಾತು ಮೇಡಂ. ಮುಂದಿನ ತಿಂಗಳು ಪಂದ್ಯ ಐತಿ. ಅವನ ತೂಕದ ವಿಭಾಗಕ್ಕಿಂತ ಒಂದೂವರೆ ಕೆಜಿ ಜಾಸ್ತಿ ಐತಿ, ರಾತ್ರಿ ಊಟ ಬಿಡಿಸ್ರಿ ಅಂತ ಕೋಚ್ ಅಂದಾರೆ.

ಉತ್ತರ: ಬಿಡಿಸಬೇಡಿ. ನೀರು ಕಡಿಮೆ ಮಾಡಿಸೋದಂತೂ ಬೇಡವೇ ಬೇಡ. ಹನ್ನೊಂದರ ಹುಡುಗ ಬೆಳೀತಾ ಇದ್ದಾನೆ, ತೂಕ ಏರಲೇಬೇಕು. ಮೇಲಿನ ತೂಕದ ವಿಭಾಗದಲ್ಲಿ ಹೆಸರು ಬರೆಸಿ ಅಂತ ನೀವೇ ಹೋಗಿ ಕೋಚ್ ಹತ್ರ ಹೇಳ್ರಿ. ಒಪ್ಪದಿದ್ದರೆ ಮಕ್ಕಳ ಡಾಕ್ಟರಿಂದ ಒಂದು ಚೀಟಿ ಬರೆಸಿಕೊಂಡು ಹೋಗಿ.