ಚೆಕ್ ಡ್ಯಾಂ ತುಂಬಿದರೂ ನಲ್ಲಿಯಲ್ಲಿ ನೀರಿಲ್ಲ, ಮಾಡಿ ನೋಡಿದವರು ಹೇಳಿ

ಶಿರಾ ತಾಲ್ಲೂಕಿನಿಂದ:
ಎಲ್ಲರಿಗೂ ನಮಸ್ಕಾರ. ನಮ್ಮೂರಿನ ನೀರು ಮತ್ತು ನೈರ್ಮಲ್ಯ ಸಮಿತಿಯಲ್ಲಿ ನಾನೂ ಒಬ್ಬಳು. ಊರಲ್ಲಿ ಇನ್ನೂರು ಮನೆ. ಹಳ್ಳಕ್ಕೆ ಅಡ್ಡಲಾಗಿ ನೀರು ತಡೆಯುವ ಚೆಕ್ ಡ್ಯಾಂ ಆಗಿದೆ, ಹೊಲಗಳಿಗೆ ಬದು ಹಾಕಿದ್ದಾರೆ, ಮನೆಮನೆಗೆ ನಲ್ಲಿಯೂ ಬಂದಿದೆ. ಆದರೂ ಶಿವರಾತ್ರಿ ಕಳೆದರೆ ಸಾಕು, ಕುಡಿಯುವ ನೀರಿನ ಬೋರ್ ನಿಂತುಹೋಗುತ್ತದೆ. ಶೌಚಾಲಯ ಕಟ್ಟಿಸಿಕೊಂಡವರೂ ನೀರಿಲ್ಲ ಅಂತ ಬಯಲಿಗೆ ಹೋಗುತ್ತಾರೆ. ಇನ್ನೊಂದು ಚೆಕ್ ಡ್ಯಾಂ ಕೇಳೋಣ ಅಂತ ಕೆಲವರು, ಇನ್ನೂ ಆಳಕ್ಕೆ ಬೋರ್ ಕೊರೆಸೋಣ ಅಂತ ಕೆಲವರು. ಗ್ರಾಮಸಭೆಯಲ್ಲಿ ಏನು ಕೇಳಬೇಕು?

ಚಿತ್ರದುರ್ಗ ಕಡೆಯಿಂದ:
ಅಕ್ಕ, ಎರಡನ್ನೂ ಈಗಲೇ ಕೇಳಬೇಡಿ. ಇರುವ ನೀರನ್ನು ಯಾರು ಎಷ್ಟು ಎತ್ತುತ್ತಿದ್ದಾರೆ ಅನ್ನುವುದು ಮೊದಲು ಊರಿಗೆ ಗೊತ್ತಾಗಲಿ.

2001ರಲ್ಲಿ, ಮಳೆ ನೀರು ಹರಿದು ಬರುವ ಇಡೀ ಪ್ರದೇಶದಲ್ಲಿ ಮಣ್ಣು, ನೀರು ಉಳಿಸುವ ಸುಜಲ ಜಲಾನಯನ ಯೋಜನೆ ಕೋಲಾರ, ತುಮಕೂರು, ಚಿತ್ರದುರ್ಗ, ಹಾವೇರಿ, ಧಾರವಾಡ ಜಿಲ್ಲೆಗಳಲ್ಲಿ ಶುರುವಾಯಿತು. ಆಗ ನಾನು ನಮ್ಮೂರಿನ ಜಲಾನಯನ ಸಂಘದಲ್ಲಿದ್ದೆ. ಗುಡ್ಡದ ನೆತ್ತಿಯಿಂದ ಶುರುಮಾಡಿ ಕಂದಕ, ಬದು, ಕಲ್ಲಿನ ತಡೆ, ಕೊನೆಗೆ ಹಳ್ಳಕ್ಕೆ ಚೆಕ್ ಡ್ಯಾಂ, ಹೀಗೆ ಮೇಲಿನಿಂದ ಕೆಳಕ್ಕೆ ಕೆಲಸ ಮಾಡಿದೆವು. ಕೆಲಸ ಚೆನ್ನಾಗಿಯೇ ಆಯಿತು, ನೀರೂ ನಿಂತಿತು. ಅದನ್ನು ನೋಡಿದ್ದೇ ತಡ, ಹಳ್ಳದ ಎರಡೂ ಕಡೆ ಹೊಸ ಬೋರ್ ಬಿದ್ದವು, ರಾಗಿ ಶೇಂಗಾ ಇದ್ದ ಹೊಲದಲ್ಲಿ ಬೇಸಿಗೆ ಬೆಳೆ ಬಂತು, ಎರಡು ಒಳ್ಳೆ ಮಳೆ ಆದ ಮೇಲೂ ಕುಡಿಯುವ ಬೋರ್ ಮಾರ್ಚ್‌ಗೆ ಗಾಳಿ ಎಳೆಯತೊಡಗಿತು. ಊರೆಲ್ಲ ಸೇರಿ ಇಂಗಿಸಿದ ನೀರು ಮೋಟಾರ್ ಇದ್ದವರ ಪಾಲಾಯಿತು. ಅವರೇನು ಕೆಟ್ಟವರಲ್ಲ, ಸಾಲ ಮಾಡಿ ಕೊರೆಸಿದವರು ಎತ್ತದೆ ಇರುತ್ತಾರಾ? ನೀರಿಗೆ ಯಾವ ಕಟ್ಟುಪಾಡೂ ಇರಲಿಲ್ಲ, ಅಷ್ಟೇ.

ಅದಕ್ಕೇ ಲೆಕ್ಕ ಹಾಕಿ. ಒಂದು ಎಕರೆಗೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಸುಮಾರು 4,000 ಲೀಟರ್. ವರ್ಷಕ್ಕೆ 500 ಮಿ.ಮೀ. ಮಳೆ ಅಂದುಕೊಂಡರೂ ಎಕರೆಗೆ 20 ಲಕ್ಷ ಲೀಟರ್ ಆಯಿತು. ಮನೆಮನೆಗೆ ನಲ್ಲಿ ಕೊಡುವ ಜಲ ಜೀವನ್ ಮಿಷನ್ ಲೆಕ್ಕದಲ್ಲಿ ತಲೆಗೆ ದಿನಕ್ಕೆ 55 ಲೀಟರ್. ನಿಮ್ಮೂರಲ್ಲಿ ಸಾವಿರ ಜನ ಇದ್ದರೆ ವರ್ಷಕ್ಕೆ ಎರಡು ಕೋಟಿ ಲೀಟರ್ ಸಾಕು. ಅಂದರೆ ಬರೀ ಹತ್ತು ಎಕರೆ ಮೇಲೆ ಬೀಳುವ ಮಳೆ! ಬಿದ್ದದ್ದೆಲ್ಲ ಇಂಗುವುದಿಲ್ಲ, ನಮ್ಮ ಬಂಡೆ ನೆಲದಲ್ಲಿ ಇಳಿಯುವುದು ಸ್ವಲ್ಪವೇ, ಒಪ್ಪಿದೆ. ಆದರೆ ಊರಿನ ಜಮೀನು ನೂರಾರು ಎಕರೆ ಇರುತ್ತಲ್ವಾ. ಇನ್ನೊಂದು ಕಡೆ ನೋಡಿ. ಕಬ್ಬಿಗೆ 1,500 ಮಿ.ಮೀ. ನೀರು ಹಿಡಿದರೆ ಎಕರೆಗೆ 60 ಲಕ್ಷ ಲೀಟರ್, ಮೂರೂವರೆ ಎಕರೆಗೇ ಇಡೀ ಊರಿನ ವರ್ಷದ ನೀರು ಮುಗಿಯಿತು. ಇದನ್ನು ಶಾಲೆ ಅಂಗಳದಲ್ಲಿ ರಂಗೋಲಿ ಪುಡಿಯಲ್ಲಿ ಊರಿನ ನಕ್ಷೆ ಬಿಡಿಸಿ ತೋರಿಸಿ. ಪ್ರತಿ ಬೋರ್ ಇರುವ ಕಡೆ ಅದರ ಮಾಲೀಕರೇ ಒಂದು ಕಲ್ಲು ಇಡಲಿ. ಕುಡಿಯುವ ಬೋರ್ ಸುತ್ತ ಎಷ್ಟು ಕಲ್ಲು ಬಿದ್ದವು ಅನ್ನುವುದು ಎಲ್ಲರಿಗೂ ಕಾಣುತ್ತದೆ, ಯಾರ ಮೇಲೂ ಬೊಟ್ಟು ಮಾಡಬೇಕಾಗಿಲ್ಲ.

ಮಹಾರಾಷ್ಟ್ರದ ಹಳ್ಳಿ ಹಿವರೆ ಬಜಾರ್‌ನಲ್ಲಿ ಪೋಪಟ್‌ರಾವ್ ಪವಾರ್ ಅವರ ಮುಂದಾಳತ್ವದಲ್ಲಿ ಇಂಥದೇ ಲೆಕ್ಕ ವರ್ಷ ವರ್ಷ ಮಾಡುತ್ತಾರೆ. ಮಳೆ ಮುಗಿದ ಮೇಲೆ ಗ್ರಾಮಸಭೆಯಲ್ಲಿ ನೀರಿನ ಲೆಕ್ಕ. ಜನ, ದನಕ್ಕೆ ಮೊದಲು ಎತ್ತಿಟ್ಟು, ಉಳಿದದ್ದರಲ್ಲಿ ಯಾವ ಬೆಳೆ ಅಂತ ತೀರ್ಮಾನ. ನೀರಾವರಿಗೆ ಬೋರ್ ಕೊರೆಸುವ ಹಾಗಿಲ್ಲ, ಕಬ್ಬಿಗೆ ತಡೆ.

ನಮ್ಮಲ್ಲೂ ಕಾನೂನು ಇದೆ. 1999ರ ಕರ್ನಾಟಕದ ಕಾಯ್ದೆ ಪ್ರಕಾರ ಸಾರ್ವಜನಿಕ ಕುಡಿಯುವ ನೀರಿನ ಮೂಲದಿಂದ 500 ಮೀಟರ್ ಒಳಗೆ ಅನುಮತಿ ಇಲ್ಲದೆ ಕೊರೆಸುವಂತಿಲ್ಲ. ಹಾಗಂತ ಮೊದಲೇ ಕಾನೂನು ಹಿಡಿದು ಹೋಗಬೇಡಿ, ಊರು ಎರಡು ಪಾರ್ಟಿ ಆಗುತ್ತದೆ. ಹತ್ತಿರದ ಬೋರ್‌ನವರ ಮನೆಗೆ ಹೋಗಿ ಕೂತು ಮಾತಾಡಿ. ನಮ್ಮೂರಲ್ಲಿ ಬೇಸಿಗೆ ಬೆಳೆ ಬಿಡಲು ಒಪ್ಪಿದವರಿಗೆ ಕೆರೆ ಗೋಡು, ಅಂದರೆ ಹೊಲಕ್ಕೆ ಹಾಕುವ ಹೂಳು ಮಣ್ಣು, ಮೊದಲು ಅಂತ ತೀರ್ಮಾನಿಸಿದೆವು, ಉದ್ಯೋಗ ಖಾತ್ರಿಯ ಕೃಷಿ ಹೊಂಡದ ಪಟ್ಟಿಯಲ್ಲೂ ಅವರ ಹೆಸರು ಮುಂದೆ ಹಾಕಿಸಿದೆವು. ಬರೀ ತ್ಯಾಗ ಮಾಡಿ ಅಂದರೆ ಯಾರು ಕೇಳುತ್ತಾರೆ?

ಮುಳಬಾಗಿಲು ಕಡೆಯಿಂದ:
ಮೇಲಿನವರ ಮಾತಿಗೆ ನನ್ನದೂ ಒಪ್ಪಿಗೆ. ಒಂದು ಸೇರಿಸುತ್ತೇನೆ. ಕುಡಿಯುವ ಬೋರ್ ಪಕ್ಕ ಇಂಗುಗುಂಡಿ ಮಾಡಿಸುವುದಾದರೆ ದಪ್ಪ ಕಲ್ಲು, ಜಲ್ಲಿ, ಮರಳು ಒಂದರ ಮೇಲೊಂದು ಪದರವಾಗಿ ತುಂಬಿಸಿ, ಮಣ್ಣು ತಳಕ್ಕೆ ಕೂತು ನೀರು ತಿಳಿಯಾಗಲು ಮುಂದೆ ಒಂದು ಸಣ್ಣ ತೊಟ್ಟಿ ಇಡಿ. ಇಲ್ಲವಾದರೆ ಮೊದಲ ಮಳೆಯ ಕೆಂಪು ನೀರಿಗೇ ಬೋರ್‌ನ ಕೇಸಿಂಗ್ ಪೈಪ್‌ಗೆ ಸುತ್ತಿದ ಜಾಲರಿ ಕಟ್ಟಿಕೊಳ್ಳುತ್ತದೆ. ಬೀದಿ ಚರಂಡಿ ನೀರನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಕೆರೆ ಇದ್ದರೆ ಹೂಳಿಗಿಂತ ಮೊದಲು ಕೆರೆಗೆ ನೀರು ತರುವ ಪೋಷಕ ಕಾಲುವೆ ನೋಡಿ, ಒತ್ತುವರಿ ಆಗಿದ್ದರೆ ಎಷ್ಟು ಹೂಳೆತ್ತಿದರೂ ಅಷ್ಟೇ.

ಮುಂಡರಗಿಯಿಂದ, ಆಶಾ ಕಾರ್ಯಕರ್ತೆ:
ಅಕ್ಕಾರ, ಶೌಚಾಲಯದ ವಿಷಯ ಯಾರೂ ಹೇಳಲಿಲ್ಲ. ಜನ ನೀರಿಲ್ಲ ಅಂತಾರಲ್ಲ, ಒಮ್ಮೆ ಪ್ಯಾನ್ ನೋಡಿ. ಹಳ್ಳಿಗೆ ಅಂತಲೇ ಇಳಿಜಾರು ಜಾಸ್ತಿ ಇರುವ ಪ್ಯಾನ್ ಬರುತ್ತದೆ, ಒಂದೂವರೆ ಎರಡು ಲೀಟರ್ ಹಾಕಿದರೆ ಸಾಕು. ನಮ್ಮಲ್ಲಿ ಒಬ್ಬ ಗುತ್ತಿಗೆದಾರರು ಊರು ತುಂಬ ಸಿಟಿ ಪ್ಯಾನ್ ಕೂರಿಸಿದ್ದರು, ಬಕೆಟ್ ಸುರಿದರೂ ಹೋಗುತ್ತಿರಲಿಲ್ಲ. ನೀರು ಹೊರುವ ಹೆಣ್ಣುಮಕ್ಕಳು ಅದನ್ನು ಬಳಸುವುದಾದರೂ ಹೇಗೆ? ಗುಂಡಿ ಎರಡು ಇರಬೇಕು, ಒಂದೊಂದೂ ಮೀಟರ್ ಆಳ ಸಾಕು, ಒಂದು ತುಂಬಿದ ಮೇಲೆ ಇನ್ನೊಂದಕ್ಕೆ ತಿರುಗಿಸುವುದು. ಆಳವಾದ ಒಂದೇ ಗುಂಡಿ ತೋಡಿಸಬೇಡಿ, ಬೋರ್, ಬಾವಿಯಿಂದ ಹತ್ತು ಮೀಟರ್ ಆದರೂ ದೂರ ಇರಲಿ. ಬಂಡೆ ಬಿರುಕಿದ್ದರೆ ಇನ್ನೂ ದೂರ.

ಇನ್ನೂ ಆಳಕ್ಕೆ ಕೊರೆಸುವ ಮೊದಲು, ಆಳದ ನೀರಿನಲ್ಲಿ ಹೆಚ್ಚಿರಬಹುದಾದ ಫ್ಲೋರೈಡ್ ಬಗ್ಗೆ ಯೋಚಿಸಿ. ನಮ್ಮ ಕಡೆ ಮಕ್ಕಳ ಹಲ್ಲಿನ ಮೇಲೆ ಕಂದು ಗೆರೆ ನೋಡಿ ನೋಡಿ ಬೇಜಾರಾಗಿದೆ. ಲೀಟರ್‌ಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಬೇಡ. ಕುದಿಸಿದರೆ ಅದು ಹೋಗುವುದಿಲ್ಲ. ಪ್ರತಿ ಊರಲ್ಲೂ ಐದು ಮಂದಿ ಹೆಣ್ಣುಮಕ್ಕಳಿಗೆ ನೀರು ಪರೀಕ್ಷೆ ಕಲಿಸಬೇಕು ಅಂತ ಜಲ ಜೀವನ್ ಮಿಷನ್‌ನಲ್ಲೇ ಇದೆ. ಕಿಟ್ ಎಲ್ಲಿದೆ ಅಂತ ಪಿಡಿಒ ಅವರನ್ನು ಕೇಳಿ. ಹೆಚ್ಚಿನ ಕಡೆ ಪಂಚಾಯ್ತಿ ಬೀರುವಿನಲ್ಲೇ ಇರುತ್ತದೆ.

ಶಿರಾ ತಾಲ್ಲೂಕಿನಿಂದ:
ತುಂಬಾ ಉಪಕಾರವಾಯಿತು. ಕುಡಿಯುವ ಬೋರ್ ಹತ್ತಿರ ನಾಲ್ಕು ಮನೆಯವರ ತೋಟ ಇದೆ, ಅಡಿಕೆ ಇಟ್ಟಿದ್ದಾರೆ. ಅವರನ್ನು ಬೆಳೆ ಬಿಡಿ ಅನ್ನಲು ಆಗುವುದಿಲ್ಲವಲ್ಲ?

ಚಿತ್ರದುರ್ಗ ಕಡೆಯಿಂದ:
ಆಗುವುದಿಲ್ಲ, ಹಾಗೆ ಕೇಳಲೂಬೇಡಿ. ಇರುವ ಗಿಡಕ್ಕೆ ಡ್ರಿಪ್ ಹಾಕಿಸಲಿ, ಸಬ್ಸಿಡಿ ಅರ್ಜಿಗೆ ಸಮಿತಿಯೇ ಓಡಾಡಲಿ, ಹೊಸದಾಗಿ ಗಿಡ ಇಡುವುದಿಲ್ಲ ಅಂತ ಒಪ್ಪಿಸಿ. ಬೇಸಿಗೆ ಬೆಳೆ ಇಡುವವರ ಹತ್ತಿರ ಮಾತ್ರ ದೀಪಾವಳಿ ಆದ ಕೂಡಲೇ ಮಾತಾಡಿ. ಬೀಜ ಗೊಬ್ಬರಕ್ಕೆ ದುಡ್ಡು ಹಾಕಿದ ಮೇಲೆ ಯಾರೂ ಹಿಂದೆ ಸರಿಯುವುದಿಲ್ಲ.