ಸಭೆಯವರು ಹಾಡುವುದಿಲ್ಲ, ನಿಂತು ನೋಡುತ್ತಾರೆ: ಆರಾಧನೆಯಲ್ಲಿ ಮೊದಲು ಏನು ಸರಿಪಡಿಸಬೇಕು?

ಪ್ರಶ್ನೆ (ಆರಾಧನಾ ಸಮಿತಿ ಸದಸ್ಯೆ)
ಎಲ್ಲರಿಗೂ ವಂದನೆಗಳು. ನಮ್ಮ ಚರ್ಚಿನಲ್ಲಿ ಭಾನುವಾರ ಸುಮಾರು 120 ಜನ ಸೇರುತ್ತಾರೆ. 80 ನಿಮಿಷದ ಆರಾಧನೆಯಲ್ಲಿ ಪ್ರಸಂಗಕ್ಕೆ 35, ಪ್ರಕಟಣೆಗೆ 12 ನಿಮಿಷ ಹೋಗುತ್ತದೆ. ಹಾಡುವಾಗ ಮುಂದಿನ ಎರಡು ಸಾಲು ಬಿಟ್ಟರೆ ಉಳಿದವರ ತುಟಿಯೇ ಅಲ್ಲಾಡುವುದಿಲ್ಲ. ಹೊಸ ಸ್ಪೀಕರ್, ಪ್ರೊಜೆಕ್ಟರ್ ತರೋಣ ಎಂದು ಸಮಿತಿಯಲ್ಲಿ ಕೆಲವರು ಹೇಳುತ್ತಾರೆ. ಹಿರಿಯರಿಗೆ ಯಾವ ಬದಲಾವಣೆಯೂ ಬೇಡ. ಎಲ್ಲಿಂದ ಶುರು ಮಾಡಲಿ?

ಉತ್ತರ 1 (ಕ್ವಾಯರ್ ನಾಯಕ)
ಸಿಸ್ಟರ್, ಸ್ಪೀಕರ್ ಆಮೇಲೆ. ಮೊದಲು ಶ್ರುತಿ ನೋಡಿ. ಕೀಬೋರ್ಡಿನ ನಡುವಿನ ಸಿಯಿಂದ ಒಂದು ಸ್ಥಾಯಿ ಮೇಲೆ ಹೋಗಿ, ಅದರ ಪಕ್ಕದ ಡಿ ಸ್ವರದವರೆಗೆ ಅಭ್ಯಾಸವಿಲ್ಲದವರೂ ಹಾಡಬಲ್ಲರು (ಗಂಡಸರು ಅದನ್ನೇ ಕೆಳಸ್ಥಾಯಿಯಲ್ಲಿ ಹಾಡುತ್ತಾರೆ). ಹಾಡು ಆ ಡಿಗೂ ಮೇಲಿನ ಎಫ್ ಮುಟ್ಟಿತೆಂದರೆ ಅರ್ಧ ಸಭೆ ಬಾಯಿ ಮುಚ್ಚುತ್ತದೆ. ಕೀಬೋರ್ಡಿನಲ್ಲಿ ಇಡೀ ಹಾಡಿನ ಶ್ರುತಿ ಏರಿಸಿ ಇಳಿಸುವ ಟ್ರಾನ್ಸ್‌ಪೋಸ್ ಬಟನ್ ಮೈನಸ್ 3ಕ್ಕೆ ಇಟ್ಟರೆ ಆ ಎಫ್ ಡಿಗೆ ಇಳಿಯುತ್ತದೆ. ಹಾಗಂತ ತೀರಾ ಇಳಿಸಬೇಡಿ. ನಡುವಿನ ಸಿಯ ಕೆಳಗಿನ ಎಗಿಂತಲೂ ಕೆಳಗೆ ಹೋದರೆ ಪದಗಳೇ ಕೇಳುವುದಿಲ್ಲ.

ಎರಡನೆಯದು ಮೈಕ್. ನಾಯಕನ ದನಿ ಸಭೆಯ ದನಿಯನ್ನು ನುಂಗಿದರೆ ಜನರಿಗೆ ತಾವು ಹಾಡುವುದೇ ಬೇಡವೆನಿಸುತ್ತದೆ. ಮೊದಲ ಚರಣ ಎತ್ತಿಕೊಟ್ಟು ಮೈಕಿನಿಂದ ಒಂದು ಹೆಜ್ಜೆ ಹಿಂದೆ ಸರಿಯಿರಿ. ಕೊನೆಯ ಚರಣಕ್ಕೆ ವಾದ್ಯ ಪೂರಾ ನಿಲ್ಲಿಸಿ. ಪಕ್ಕದವರ ದನಿ ಕಿವಿಗೆ ಬಿದ್ದಾಗಲೇ ಸಂಕೋಚ ಬಿಡುತ್ತದೆ, ಇದನ್ನು ಮಾತಿನಲ್ಲಿ ಹೇಳಿ ಮಾಡಿಸಲಾಗದು.

ಹೊಸ ಹಾಡು ತಿಂಗಳಿಗೆ ಒಂದೇ ಸಾಕು. ಮೊದಲ ವಾರ ಕಾಣಿಕೆಯ ಹೊತ್ತಿಗೆ ಬರೀ ರಾಗ ನುಡಿಸಿ, ಎರಡನೇ ವಾರ ಕ್ವಾಯರ್ ಹಾಡಲಿ, ಮೂರನೇ ವಾರದಿಂದ ಸಭೆ. ಒಮ್ಮೆ ಹಾಡಿಸಿ ಕೈಬಿಟ್ಟರೆ ಅಷ್ಟೂ ಶ್ರಮ ವ್ಯರ್ಥ.

ಉತ್ತರ 2 (ವಾಕ್ಯ ಪಠಣ ತರಬೇತಿ ಕೊಡುವವರು)
ಹಾಡಿನಷ್ಟೇ ಬೈಬಲಿನ ಕೀರ್ತನೆಗಳ ಪಠಣಕ್ಕೂ ಗಮನ ಕೊಡಿ. 136ನೇ ಕೀರ್ತನೆಯಿಂದ ಶುರುಮಾಡಿ. 26 ವಚನಗಳಲ್ಲೂ ಆತನ ಕೃಪೆ ಶಾಶ್ವತವೆಂಬ ಸಾಲು ತಿರುಗಿ ಬರುತ್ತದೆ. ಓದುವವರು ಮೊದಲರ್ಧ, ಸಭೆ ಆ ಸಾಲು. ಪುಸ್ತಕ ನೋಡದೆ ಹೇಳಬಹುದು, ಓದಲು ಬಾರದ ಮಕ್ಕಳೂ ಸೇರುತ್ತಾರೆ. ಪಲ್ಲವಿ ಇಲ್ಲದ ಕೀರ್ತನೆಯಾದರೆ ಅದರಿಂದಲೇ ಆರೇಳು ಪದದ ಒಂದು ಸಾಲು ಆರಿಸಿ, ಮೂರು ನಾಲ್ಕು ವಚನಕ್ಕೊಮ್ಮೆ ಹೇಳಿಸಿ. ಉದ್ದವಾದರೆ ತಡವರಿಸುತ್ತಾರೆ.

ಸಂತೋಷದ ಕೀರ್ತನೆಗಳನ್ನೇ ಆರಿಸಬೇಡಿ. 150ರಲ್ಲಿ ಸುಮಾರು ಮೂರನೇ ಒಂದು ಭಾಗ ಗೋಳಿನ ಮೊರೆ. ಮನೆಯಲ್ಲಿ ಸಾವಾದವರೂ ಅದೇ ಬೆಂಚಿನಲ್ಲಿ ಕೂತಿರುತ್ತಾರೆ, 13ನೇ ಕೀರ್ತನೆ ಅವರ ಬಾಯಿಗೂ ಮಾತು ಕೊಡುತ್ತದೆ.

ಓದುವವರಿಗೆ ವಾಕ್ಯಭಾಗವನ್ನು ಒಂದು ವಾರ ಮೊದಲೇ ಕೊಡಿ. ಮನೆಯಲ್ಲಿ ಮೂರು ಸಲ ಗಟ್ಟಿಯಾಗಿ ಓದಿರಬೇಕು. ಯಾವುದನ್ನು ಓದುವುದೆಂಬ ತಲೆನೋವಿಗೆ 1992ರಲ್ಲಿ ಪ್ರಕಟವಾದ ಮೂರು ವರ್ಷದ ಸಾಮಾನ್ಯ ಪಾಠಪಟ್ಟಿ (ಯಾವ ಭಾನುವಾರ ಬೈಬಲಿನ ಯಾವ ಭಾಗ ಎಂಬ ಪಟ್ಟಿ) ಇದೆ. ಸುವಾರ್ತೆಗಳಲ್ಲಿ ಮೊದಲ ವರ್ಷ ಮತ್ತಾಯ, ಆಮೇಲೆ ಮಾರ್ಕ, ಲೂಕ. ಯೋಹಾನನ ಭಾಗಗಳು ನಡುನಡುವೆ ಬರುತ್ತವೆ.

ಉತ್ತರ 3 (ನಿವೃತ್ತ ಸಭಾಪಾಲಕರು)
ಪ್ರಾರ್ಥನೆಯನ್ನು ಮರೆಯಬೇಡಿಮ್ಮಾ. ಸುಮಾರು ಕ್ರಿ.ಶ. 155ರಲ್ಲಿ ಆದಿಸಭೆಯ ಬರಹಗಾರ ಯುಸ್ತಿನನು ರೋಮಿನಿಂದ ಬರೆದ ವಿವರಣೆಯಲ್ಲೇ ಪಠಣ, ಉಪದೇಶ ಮುಗಿದ ಮೇಲೆ ಎಲ್ಲರೂ ಎದ್ದು ನಿಂತು ಒಟ್ಟಿಗೆ ಪ್ರಾರ್ಥಿಸುತ್ತಾರೆ, ಆಮೆನ್ ಸಭೆಯದೇ.

ವಿಜ್ಞಾಪನೆಯನ್ನು, ಅಂದರೆ ಇತರರಿಗಾಗಿ ಮಾಡುವ ಪ್ರಾರ್ಥನೆಯನ್ನು, ನಾಲ್ಕು ಭಾಗ ಮಾಡಿ: ಸಭೆ, ಲೋಕ, ಊರು, ಕಷ್ಟದಲ್ಲಿರುವವರು. ಪ್ರತಿಯೊಂದಕ್ಕೂ ಎರಡೇ ವಾಕ್ಯ, ಹತ್ತು ಸೆಕೆಂಡ್ ಮೌನ. ಆಮೇಲೆ ನಾಯಕರು "ಕರ್ತನೇ, ನಿನ್ನ ಕರುಣೆಯಿಂದ" ಎಂದರೆ ಸಭೆ "ನಮ್ಮ ಪ್ರಾರ್ಥನೆ ಲಾಲಿಸು" ಎನ್ನಲಿ. ಆ ಸೂಚನೆಯ ಮಾತು ಪ್ರತಿ ಸಲವೂ ಅದೇ ಇರಬೇಕು. ಒಂದು ಪದ ಬದಲಾದರೂ ಜನ ಯಾವಾಗ ಬಾಯಿ ತೆರೆಯಬೇಕೆಂದು ತಿಳಿಯದೆ ಸುಮ್ಮನಾಗುತ್ತಾರೆ. ಕ್ರಮಪತ್ರದಲ್ಲಿ "ಮೌನ" ಎಂದು ಅಚ್ಚುಮಾಡಿ, ಇಲ್ಲದಿದ್ದರೆ ನಾಯಕರು ಮಾತು ಮರೆತರೆಂದುಕೊಳ್ಳುತ್ತಾರೆ.

ಪ್ರಕಟಣೆಗಳಲ್ಲಿ ಕಾಯಿಲೆ, ಸಾವು, ಪರೀಕ್ಷೆ ಇವು ಈ ಪ್ರಾರ್ಥನೆಗೆ ಸೇರಲಿ. ಉಳಿದದ್ದು ಕಾಗದದಲ್ಲಿ. ಹತ್ತು ನಿಮಿಷ ಅಲ್ಲೇ ಸಿಗುತ್ತದೆ.

ಪ್ರಶ್ನೆ ಕೇಳಿದವರು
ತುಂಬಾ ಉಪಕಾರ ಅಯ್ಯನವರೇ. ಹಿರಿಯರನ್ನು ಹೇಗೆ ಒಪ್ಪಿಸುವುದು? ಪ್ರೊಜೆಕ್ಟರ್?

ಉತ್ತರ 3 (ನಿವೃತ್ತ ಸಭಾಪಾಲಕರು)
ಆರಾಧನಾ ಕ್ರಮ ಹಾಗೇ ಇರಲಿ, ಒಂದು ಕಾಲಕ್ಕೆ ಒಂದೇ ಬದಲಾವಣೆ. ಆಗಮನ ಕಾಲದ, ಅಂದರೆ ಕ್ರಿಸ್ಮಸ್‌ಗೆ ಮುಂಚಿನ, ನಾಲ್ಕು ಭಾನುವಾರ ಕೀರ್ತನೆಯ ಪಲ್ಲವಿ ಮಾತ್ರ ಪ್ರಯೋಗಿಸಿ, ಮುಗಿದ ಮೇಲೆ ಹಿರಿಯರನ್ನೇ ಮೊದಲು ಕೇಳಿ. ಕ್ರಿಸ್ಮಸ್, ಈಸ್ಟರ್ ದಿನ ಹೊಸದೇನೂ ಬೇಡ, ಅಂದು ಎಲ್ಲರೂ ಬಲ್ಲ ಹಾಡೇ ಆಗಬೇಕು.

ಉತ್ತರ 1 (ಕ್ವಾಯರ್ ನಾಯಕ)
ಪ್ರೊಜೆಕ್ಟರ್ ತಂದರೂ ಒಂದು ಪರದೆಗೆ ನಾಲ್ಕೇ ಸಾಲು. ಕೊನೆಯ ಪದ ಹಾಡುವ ಮೊದಲೇ ಮುಂದಿನದು ಬರಬೇಕು, ತಡವಾದರೆ ಉಸಿರು ತಪ್ಪುತ್ತದೆ. ಹಾಡಿನ ಸಂಖ್ಯೆಯನ್ನೂ ಹಾಕಿ, ಪುಸ್ತಕ ಹಿಡಿದು ಬರುವವರಿಗೆ ಅದು ಬೇಕು.